ಹಾಜಿರಾಳಿಗೆ ನೀರು ಹಾಕಿದವರು

ರಾಮನಗರದ ಮಸೀದಿಯ ಹಿಂದಿನ ಬೀದಿಗಳಲ್ಲಿ ಹೆಂಗಸರು ಯಾರೇ ತೀರಿಕೊಂಡರೂ ಮೊದಲು ಕರೆ ಹೋಗುತ್ತಿದ್ದುದು ಅಕ್ಬರಿ ಬೇಗಂ ಮನೆಗೆ. ಮೈಯತ್ತಿಗೆ ನೀರು ಹಾಕುವುದು, ಅಂದರೆ ಹೆಣಕ್ಕೆ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ತೊಡಿಸುವುದು, ಅತ್ತೆಯಿಂದ ಅವಳಿಗೆ ಬಂದ ಕೆಲಸ. ಅದಕ್ಕಾಗಿ ಅವಳು ಯಾರ ಮನೆಯಲ್ಲೂ ಒಂದು ಲೋಟ ಚಹಾ ಸಹ ಮುಟ್ಟುತ್ತಿರಲಿಲ್ಲ. ಗಂಡ ತಾಜ್ ಪಾಷಾ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ. ಅವಳೂ ಬೆಳಗಾದರೆ ಬಿಸಿನೀರಿನ ಮುಂದೆ ಕೂತು ಬೆಂದ ಗೂಡುಗಳಲ್ಲಿ ಎಳೆ ಹುಡುಕುತ್ತಿದ್ದಳು. ಯಾರಾದರೂ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರೆ ಸಾಕು, ಏನೆಂದು ಕೇಳದೆ ಕೈ ಒರೆಸಿಕೊಂಡು ಎದ್ದುಬಿಡುತ್ತಿದ್ದಳು.

ಅವಳು ನೀರು ಹಾಕುವ ರೀತಿಯನ್ನು ಬೀದಿಯ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಬೋರೆ ಎಲೆ ಹಾಕಿ ಕಾಯಿಸಿದ ನೀರನ್ನು ಮೊದಲು ತನ್ನ ಮಣಿಕಟ್ಟಿನ ಒಳಗೆ ಬಿಟ್ಟುಕೊಂಡು ನೋಡುತ್ತಿದ್ದಳು, ಹಸುಗೂಸಿಗೆ ನೋಡುವ ಹಾಗೆ. ಸತ್ತವರಿಗೆ ಬಿಸಿಯೇನು ತಣ್ಣಗೇನು ಎಂದು ಯಾರಾದರೂ ಅಂದರೆ ಅವಳಿಗೆ ಕೋಪ ಬರುತ್ತಿತ್ತು. ತಲೆಗೆ ನೀರು ಬಿಡುವ ಮುಂಚೆ, ತೀರಿಕೊಂಡವಳು ಎಂಬತ್ತರ ಮುದುಕಿಯಾದರೂ ಸರಿ, ಕಿವಿಯ ಹತ್ತಿರ ಬಾಗಿ, "ಆಂಖಾ ಮೂಂದ್ ಲೇ ಬೇಟಾ, ಪಾನೀ ಆರಾ" ಅನ್ನುತ್ತಿದ್ದಳು. ಕಣ್ಣು ಮುಚ್ಚಿಕೋ ಮಗಾ, ನೀರು ಬರ್ತಿದೆ. ಶಾಸ್ತ್ರದಲ್ಲಿ ಅಂಥ ಮಾತಿಲ್ಲ. ತನ್ನ ಮಗಳು ಹಾಜಿರಾ ಚಿಕ್ಕವಳಾಗಿದ್ದಾಗ ತಲೆಗೆ ಎರೆಯುತ್ತ ಅಂದು ಅಂದು ನಾಲಿಗೆಗೆ ಹತ್ತಿದ ಮಾತು ಅದು.

ಹಾಜಿರಾ ಒಬ್ಬಳೇ ಮಗಳು. ಹದಿನಾಲ್ಕು ತುಂಬಿದ ಮೇಲೆ ತಾಯಿಯ ಜೊತೆ ಸಾವಿನ ಮನೆಗಳಿಗೆ ಹೋಗತೊಡಗಿದಳು. ಮರೆಗೆ ಹಿಡಿದ ಬಟ್ಟೆಯ ತುದಿ ಹಿಡಿಯುತ್ತಿದ್ದಳು, ನೀರು ಎತ್ತಿ ಕೊಡುತ್ತಿದ್ದಳು. ಹೆದರುವ ಹುಡುಗಿಯಲ್ಲ. "ನಾನು ಹೋದಾಗ ನನಗೆ ನೀರು ಹಾಕೋಳು ಇವಳೇ" ಎಂದು ಅಕ್ಬರಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಆ ಧೈರ್ಯ ನೋಡಿಯೇ ತಾಜ್ ಪಾಷಾ ಮಗಳನ್ನು ಬೆಂಗಳೂರಿನಲ್ಲಿ ನರ್ಸಿಂಗ್ ಓದಿಸಿದ.

ಓದು ಮುಗಿದ ವರ್ಷ ಹಾಜಿರಾಳಿಗೆ ಮದುವೆ ಗೊತ್ತಾಯಿತು. ಗಂಡು ಮುಕ್ತಿಯಾರ್, ಅಕ್ಬರಿಯ ಅಣ್ಣ ಕರೀಮನ ಮಗ, ಚನ್ನಪಟ್ಟಣದಲ್ಲಿ ಅಪ್ಪನ ಜೊತೆ ಮರದ ಗೊಂಬೆಗೆ ಅರಗಿನ ಬಣ್ಣ ಹಾಕುತ್ತಿದ್ದವನು. ಅಣ್ಣನ ಮನೆಗೇ ಮಗಳನ್ನು ಕೊಡಬೇಕೆಂಬುದು ಅಕ್ಬರಿಯ ಬಹಳ ದಿನದ ಆಸೆ. ಕಾರ್ಡು ಹಂಚಿ ಆಗಿತ್ತು. ನಿಕಾಹ್‌ಗೆ ಒಂಬತ್ತು ದಿನ ಇದೆ ಅನ್ನುವಾಗ, ಮದುವೆಯಾದ ಮೇಲೆ ಕೆಲಸಕ್ಕೆ ಹೋಗುವಂತಿಲ್ಲ ಎಂದು ಕರೀಂ ಹೇಳಿಕಳಿಸಿದ. ಹಾಜಿರಾ ತಾಯಿಯ ಮುಂದೆ ಬಂದು ನಿಂತು, "ಅಮ್ಮೀ, ನನಗೆ ಈ ಮದುವೆ ಬೇಡ" ಅಂದಳು. ಅತ್ತರು, ಬೈದರು, ಹಿರಿಯರು ಬಂದು ಕೂತು ಬುದ್ಧಿ ಹೇಳಿದರು. ಅವಳ ಮಾತು ಬದಲಾಗಲಿಲ್ಲ.

ಕರೀಂ ಅಂದಿನಿಂದ ತಂಗಿಯ ಹೊಸಿಲು ತುಳಿಯಲಿಲ್ಲ. ಮುಂದಿನ ವರ್ಷ ಅವನು ತೀರಿಕೊಂಡ. ಅಣ್ಣನ ಮುಖವನ್ನು ಅಕ್ಬರಿ ಮತ್ತೆ ನೋಡಿದ್ದು ಕಫನ್‌ನಲ್ಲೇ. ಆ ಸಾವಿಗೆ ಬೆಂಗಳೂರಿನಲ್ಲಿ ತಾನು ಕೆಲಸಕ್ಕಿದ್ದ ಆಸ್ಪತ್ರೆಯಿಂದ ಹಾಜಿರಾ ಓಡಿಬಂದಳು. ಚನ್ನಪಟ್ಟಣದ ಆ ಮನೆಯ ಅಂಗಳದಲ್ಲಿ, ಇಡೀ ಬಂಧುಬಳಗದ ಎದುರು, ಅಕ್ಬರಿ ಮಗಳಿಗೆ ಹೇಳಿದಳು:

"ನನ್ನ ಅಣ್ಣನ್ನ ತಿಂದೆ. ನಾನು ಸತ್ತ ದಿನ ನನ್ನ ಮೈಗೆ ನಿನ್ನ ಕೈ ತಾಗಬಾರದು. ನನಗೆ ನೀರು ಹಾಕೋ ಹಕ್ಕು ನಿನಗಿಲ್ಲ."

ಹಾಜಿರಾ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅಲ್ಲಿಂದಾಚೆಗೆ ಸೌದಿಯ ದಮಾಮ್‌ನ ಒಂದು ಆಸ್ಪತ್ರೆ, ಮೂರು ವರ್ಷದ ಮೇಲೆ ಕೆನಡಾ.

ಕೆನಡಾದಲ್ಲಿ ಅವಳು ಸೇರಿದ ಊರು ಸಸ್ಕಟೂನ್. ಆ ಹೆಸರು ತಾಜ್ ಪಾಷಾನ ಬಾಯಲ್ಲಿ ಕಾರ್ಟೂನ್ ಆಗಿಹೋಗಿತ್ತು. "ನಮ್ಮ ಮಗಳು ಕಾರ್ಟೂನ್‌ನಲ್ಲಿದ್ದಾಳೆ" ಎಂದು ಗೂಡಿನ ಮಾರುಕಟ್ಟೆಯಲ್ಲಿ ಹೇಳಿ, ಎಲ್ಲರೂ ನಕ್ಕು, ಅವನೂ ನಗುತ್ತಿದ್ದ. ಅವಳಿಗೆ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ. ಪ್ರತಿ ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಅವಳ ಫೋನು ಬರುತ್ತಿತ್ತು. ಅಲ್ಲಿ ಆಗ ಹಿಂದಿನ ದಿನದ ಸಂಜೆ. ತಾಜ್ ಪಾಷಾ ಶೆಡ್ಡಿನಿಂದ ಬಂದು ನಡುಮನೆಯ ಕುರ್ಚಿಯಲ್ಲಿ ಕೂತು ಸ್ಪೀಕರ್ ಹಾಕುತ್ತಿದ್ದ. ಕಿವಿ ಮಂದ ಅನ್ನುವ ನೆಪ. ಅಕ್ಬರಿ ಅಡುಗೆಮನೆಯ ಪರದೆಯ ಹಿಂದೆ ಒಲೆಯ ಉರಿ ಸಣ್ಣ ಮಾಡಿ ನಿಲ್ಲುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಒಂದು ಮಾತನ್ನೂ ಕೇಳದೆ ಬಿಡುತ್ತಿರಲಿಲ್ಲ.

"ಊರಿಗೆ ಎಷ್ಟು ಜನ ಬೇಟಾ?" ಎಂದು ತಾಜ್ ಪಾಷಾ ಒಮ್ಮೆ ಕೇಳಿದ.

"ಎರಡೂವರೆ ಲಕ್ಷ ಅಬ್ಬಾ."

"ಅಷ್ಟೇನಾ? ನಮ್ಮ ತಾಲ್ಲೂಕಿನಷ್ಟೇ ಆಯ್ತಲ್ಲ!"

"ತಲೆ ಎಣಿಸಿದ್ರೆ ಅಷ್ಟೇ. ಆದ್ರೆ ಒಬ್ಬರ ಹಾಗೆ ಒಬ್ಬರಿಲ್ಲ. ಬಸ್ ಓಡಿಸೋನು ಪಂಜಾಬಿ ಸರ್ದಾರ. ನನ್ನ ಜೊತೆ ಡ್ಯೂಟಿ ಮಾಡೋರು ಫಿಲಿಪೀನ್ಸ್‌ನವರು, ನೈಜೀರಿಯಾದವರು. ನಾನು ನೋಡಿಕೊಳ್ಳೋ ಮುದುಕರ ಅಜ್ಜಂದಿರು ಗೋಧಿ ಬೆಳೆಯೋಕೆ ಅಂತ ಉಕ್ರೇನ್‌ನಿಂದ ಬಂದೋರಂತೆ. ಶುಕ್ರವಾರ ಮಸೀದೀಲಿ ನಿಂತ್ರೆ ಎಡಗಡೆ ಸೊಮಾಲಿಯಾ, ಬಲಗಡೆ ಬೋಸ್ನಿಯಾ."

"ಮತ್ತೆ ಅದು ಯಾರ ಊರು?"

"ಕ್ರೀ ಅನ್ನೋ ಜನ ಅಬ್ಬಾ. ಎಲ್ಲರಿಗಿಂತ ಮೊದಲಿಂದ ಇದ್ದೋರು. ನನ್ನ ವಾರ್ಡಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಫ್ಲಾರೆನ್ಸ್ ಅಂತ. ಚಿಕ್ಕವಳಿದ್ದಾಗ ತಾಯಿಯಿಂದ ಕಿತ್ಕೊಂಡು ಹೋಗಿ ಹಾಸ್ಟೆಲ್ ಶಾಲೆಗೆ ಹಾಕಿದ್ರಂತೆ, ಮನೆಮಾತು ಆಡಿದ್ರೆ ಹೊಡೀತಿದ್ರಂತೆ. ಈಗ ಎಂಬತ್ತೈದು. ನಾನು ಸ್ನಾನ ಮಾಡಿಸುವಾಗ ಆ ಭಾಷೇಲೇ ತಾಯೀನ ಕೂಗ್ತಾಳೆ."

ಪರದೆಯ ಹಿಂದೆ ಅಕ್ಬರಿ ಆ ದಿನ ಅನ್ನ ಸೀಯಿಸಿದಳು.

ಇನ್ನೊಂದು ಸಲ ಹಾಜಿರಾ ಜನಗಣತಿಯ ಮಾತು ತೆಗೆದಳು. "ಫಾರಂ ಬಂದಿತ್ತು ಅಬ್ಬಾ. ಮೊದಲು ಕಲಿತ ಭಾಷೆ ಯಾವುದು ಅಂತ ಕೇಳಿದ್ರು, ಉರ್ದು ಅಂತ ಬರೆದೆ. ಕನ್ನಡಾನೂ ಬರೀಬೇಕು ಅನ್ನಿಸ್ತು. ಆಮೇಲೆ, ಮನೇಲಿ ಈಗ ಯಾವ ಭಾಷೆ ಮಾತಾಡ್ತೀರಿ ಅಂತ ಕೇಳಿದ್ರು. ನಾನೊಬ್ಬಳೇ ಇರೋ ಮನೆ. ಏನಂತ ಬರೀಲಿ?"

ತಾಜ್ ಪಾಷಾ ಪರದೆಯ ಕಡೆ ನೋಡಿದ. ಅಷ್ಟರಲ್ಲಿ ಹಾಜಿರಾಳೇ ಕೇಳಿದಳು, ದನಿ ತಗ್ಗಿಸಿ: "ಅಮ್ಮೀ, ಕೇಳಿಸ್ತಿದೆಯಾ ನಿನಗೆ?"

ಅಕ್ಬರಿ ಪರದೆಯ ಅಂಚನ್ನು ಹಿಡಿದುಕೊಂಡಿದ್ದಳು. ಕೇಳಿಸ್ತಿದೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಂಗಳದಲ್ಲಿ ಅಷ್ಟು ಜನರ ಎದುರು ಆಡಿದ್ದ ಮಾತು ಗಂಟಲಲ್ಲಿ ಅಡ್ಡ ನಿಂತಿತ್ತು. ಅದನ್ನು ನುಂಗುವುದು ಹೇಗೆ, ಉಗುಳುವುದು ಹೇಗೆ, ಅವಳಿಗೆ ಗೊತ್ತಾಗಲಿಲ್ಲ. "ನಿನ್ನ ಅಮ್ಮಿ ನೀರು ಹಿಡಿಯೋಕೆ ಹೋಗಿದ್ದಾಳೆ" ಎಂದು ತಾಜ್ ಪಾಷಾ ಸುಳ್ಳು ಹೇಳಿದ.

ಹೀಗೆ ಐದು ವರ್ಷ ಹತ್ತಿರ ನಡೆಯಿತು.

ಎರಡು ಸಾವಿರದ ಹತ್ತೊಂಬತ್ತರ ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಆ ನಂಬರಿನಿಂದ ಫೋನು ಬಂತು. "ಇವತ್ತು ಬುಧವಾರ ಅಲ್ವಾ?" ಅನ್ನುತ್ತ ತಾಜ್ ಪಾಷಾ ಎತ್ತಿಕೊಂಡ. ಅತ್ತ ಹಾಜಿರಾ ಇರಲಿಲ್ಲ. ಒಬ್ಬ ಹೆಂಗಸು, ಟೀವಿಯಲ್ಲಿ ಬರುವಂಥ ಅಚ್ಚುಕಟ್ಟಾದ ಉರ್ದುವಿನಲ್ಲಿ, ತನ್ನ ಹೆಸರು ಫರ್ಜಾನಾ, ಊರು ಲಾಹೋರ್, ಹಾಜಿರಾಳ ಮಸೀದಿಯವಳು ಅಂದಳು. ಆಮೇಲೆ, ಕೂತಿದ್ದೀರಾ ಭಾಯಿಸಾಬ್ ಎಂದು ಕೇಳಿದಳು.

ಬೆಳಿಗ್ಗೆ ಡ್ಯೂಟಿಯಲ್ಲಿ ಹಾಜಿರಾ ತಲೆನೋವು ಅಂದಳಂತೆ. ಗೋಡೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಗೆ ಸಾಗಿಸಿದರೂ ಸಂಜೆಯ ಹೊತ್ತಿಗೆ ಮುಗಿದುಹೋಯಿತು. ಮೂವತ್ತೊಂದು ವರ್ಷ.

ಫರ್ಜಾನಾ ಅಳುತ್ತಲೇ ಕೇಳಬೇಕಾದ್ದನ್ನು ಕೇಳಿದಳು. ಮೈಯತ್ತನ್ನು ಊರಿಗೆ ಕಳಿಸಬಹುದು, ಅದಕ್ಕೆ ಹತ್ತು ಹನ್ನೆರಡು ದಿನ ಹಿಡಿಯುತ್ತದೆ, ಕೆಡದಂತೆ ಔಷಧಿ ತುಂಬಬೇಕಾಗುತ್ತದೆ. ಇಲ್ಲವೇ ನಾಳೆಯೇ ಇಲ್ಲಿ ಮಣ್ಣು ಮಾಡಬಹುದು. "ನೀವು ಹೇಳಿದ ಹಾಗೆ."

ತಾಜ್ ಪಾಷಾನ ಕೈಯಿಂದ ಫೋನು ಜಾರಿ ತೊಡೆಯ ಮೇಲೆ ಬಿತ್ತು. ಪರದೆ ಸರಿಸಿ ಅಕ್ಬರಿ ಹೊರಗೆ ಬಂದಳು. ಎಲ್ಲವೂ ಅವಳಿಗೆ ಕೇಳಿಸಿತ್ತು. ಮಗಳ ಮುಖ ಒಂದು ಸಲ ನೋಡಬೇಕು, ತಾನೇ ನೀರು ಹಾಕಬೇಕು ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಆದರೆ ಇಪ್ಪತ್ತೈದು ವರ್ಷದಿಂದ ಬೇರೆಯವರ ಮನೆಗಳಲ್ಲಿ, ದೂರದ ಮಗ ಬರಲಿ ಎಂದು ಹೆಣ ಕಾಯಿಸುವವರಿಗೆ ಅವಳೇ ಹೇಳುತ್ತ ಬಂದಿದ್ದಳು, ಮೈಯತ್ತನ್ನು ಕಾಯಿಸಬಾರದು, ಅದಕ್ಕೆ ಕಷ್ಟ ಎಂದು. ಅವಳು ಗಂಡನ ತೊಡೆಯ ಮೇಲಿಂದ ಫೋನು ಎತ್ತಿಕೊಂಡಳು.

"ತಡ ಮಾಡಬೇಡಿ" ಅಂದಳು. "ನಾಳೆಯೇ ಮಾಡಿಬಿಡಿ."

ಮಗಳ ಫೋನಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

ಅಲ್ಲಿ ಮರುದಿನ ಮಧ್ಯಾಹ್ನ ಮಣ್ಣು ಮಾಡಿದರು. ಇಲ್ಲಿ ಮನೆ ತುಂಬ ಜನ ಕೂಡಿದರು, ಕುರಾನ್ ಓದಿದರು. ಎತ್ತಿಕೊಂಡು ಹೋಗಲು ಏನೂ ಇಲ್ಲದ ಸಾವಿನ ಮನೆ. ಗಂಡಸರು ಏಳುವುದು ಯಾವಾಗ ಎಂದು ತಿಳಿಯದೆ ಕೂತೇ ಇದ್ದರು. ಮೂರು ದಿನ ಒಲೆ ಹಚ್ಚುವಂತಿಲ್ಲವಾದ್ದರಿಂದ ಅಕ್ಕಪಕ್ಕದವರೇ ಊಟ ತಂದರು. ಕೋಡಿಹಳ್ಳಿ ಕಡೆಯಿಂದ ಮಾರುಕಟ್ಟೆಗೆ ಗೂಡು ತಂದಿದ್ದ ಸರಸಮ್ಮ, ತಾಜ್ ಪಾಷಾನಿಗೆ ವರ್ಷಗಳಿಂದ ಪರಿಚಯದವಳು, ವಿಷಯ ಕೇಳಿ ಹಾಗೇ ಬಂದು ಅಕ್ಬರಿಯ ಪಕ್ಕ ಕೂತಳು. ಹಾಜಿರಾಳನ್ನು ಎತ್ತಿ ಆಡಿಸಿದವಳು ಅವಳು.

"ಅಲ್ಲಿ ಚಳಿಗೆ ಮಣ್ಣು ಕಲ್ಲಾಗೋಗಿರ್ತದಂತೆ, ನಿಜವಾ ಅಕ್ಬರಮ್ಮ?" ಎಂದು ಸರಸಮ್ಮ ಕೇಳಿದಳು. "ಎಂಗ್ ಅಗುದ್ರವ್ವಾ ಮತ್ತೆ?"

"ಮಿಷನ್ ತಂದು ಅಗೆದ್ರಂತೆ ಸರಸಕ್ಕ."

"ಅಯ್ಯೋ ನನ್ನ ಕಂದ. ಬೆಚ್ಚಗೆ ಮಲಗೋ ಮಗೀನ ತಕ್ಕೊಂಡೋಗಿ ಐಸ್‌ನಾಗ್ ಮಡಗ್ಬುಟ್ರಲ್ಲಪ್ಪ." ಸರಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ನೀರು ಯಾರು ಉಯ್ದ್ರು?" ಅಂದಳು. "ನೀನು ಊರ್ನೋರ್ಗೆಲ್ಲ ಉಯ್ದೋಳು. ನಿನ್ನ ಮಗೀಗೆ ಯಾರು ಉಯ್ದ್ರೋ ಏನೋ."

ಅಕ್ಬರಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಆ ಮಾತಿಗೂ ಅಳಲಿಲ್ಲ. ಆದರೆ ಅದು ಅವಳೊಳಗೆ ಇಳಿದು ಕೂತಿತು. ಯಾರು ಹಾಕಿದರು? ನೀರು ತೀರ ತಣ್ಣಗಿತ್ತೋ ಏನೋ. ಮರೆಗೆ ಬಟ್ಟೆ ಹಿಡಿದಿದ್ದರೋ ಇಲ್ಲವೋ. ಕೆಲಸ ಬೇಗ ಮುಗಿಸಿಬಿಡುವವರ ಕೈ ಹೇಗಿರುತ್ತದೆ ಎಂಬುದನ್ನು ಅವಳು ಬಲ್ಲಳು. ಆ ಕೈಗಳನ್ನೇ ಕಣ್ಣ ಮುಂದೆ ಕಾಣುತ್ತ ಎರಡು ದಿನ ಕೂತಳು.

ಮೂರನೆಯ ದಿನ ಮುಕ್ತಿಯಾರ್ ಚನ್ನಪಟ್ಟಣದಿಂದ ಬಂದ. ಅವನಿಗೆ ಈಗ ಎರಡು ಮಕ್ಕಳು. ಮದುವೆ ಮುರಿದ ಮೇಲೆ ಅವನು ಆ ಮನೆಗೆ ಬಂದದ್ದು ಅದೇ ಮೊದಲು. ಅಕ್ಬರಿಯ ಎದುರು ನೆಲದ ಮೇಲೆ ಕೂತ.

"ನಮ್ಮಿಂದ ನಿನಗೆ ಅವಮಾನ ಆಯ್ತು ಕಣೋ" ಎಂದಳು ಅಕ್ಬರಿ. "ನಿಮ್ಮಪ್ಪ ಆ ಕೊರಗಲ್ಲೇ ಹೋದ."

"ಅಬ್ಬಾ ಹೋಗಿದ್ದು ಸಕ್ಕರೆ ಕಾಯಿಲೆಯಿಂದ ಫುಪ್ಪೂ. ಕಾಲು ಕೊಳೆತಿದ್ರೂ ಡಾಕ್ಟರ್ ಮಾತು ಕೇಳಲಿಲ್ಲ." ಮುಕ್ತಿಯಾರ್ ತಲೆ ತಗ್ಗಿಸಿಯೇ ಹೇಳಿದ. "ಹಾಜಿರಾ ದಮಾಮ್‌ಗೆ ಹೋಗೋ ಮುಂಚೆ ನನ್ನ ಹತ್ರ ಬಂದು ಮಾಫಿ ಕೇಳಿದ್ಲು. ನಾನು ಅವತ್ತೇ ಮಾಫ್ ಮಾಡಿದ್ದೆ. ನನಗೆ ಸಿಟ್ಟೇ ಇರಲಿಲ್ಲ. ನೀವೇ ನನ್ನ ಹೆಸರಲ್ಲಿ ಸಿಟ್ಟು ಹೊತ್ತುಕೊಂಡಿದ್ರಿ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅವಳ ಹೆಸರು ಎತ್ತೋಕೆ ಬಿಡ್ತಿದ್ರಾ?"

ಅವನು ಹೇಳಿದ್ದು ನಿಜ.

ಅಂದೇ ಅವಳು ಮುಕ್ತಿಯಾರ್‌ನಿಂದ ಫರ್ಜಾನಾಳಿಗೆ ಸುದ್ದಿ ಕಳಿಸಿದಳು. ನನ್ನ ಮಗಳಿಗೆ ನೀರು ಹಾಕಿದವರ ಜೊತೆ ಮಾತಾಡಬೇಕು, ಯಾರಾದರೂ ಸರಿ.

ಮರುದಿನ ಬೆಳಿಗ್ಗೆ ಫೋನು ಬಂತು. ರಾತ್ರಿ ಅಲ್ಲೇ ಉಳಿದಿದ್ದ ಮುಕ್ತಿಯಾರ್ ಹಿಡಿದುಕೊಂಡ, ತಾಜ್ ಪಾಷಾ ಕುರ್ಚಿಯಲ್ಲಿ ಕೂತ. ಅಕ್ಬರಿ ಈ ಸಲ ಪರದೆಯ ಹಿಂದೆ ಹೋಗಲಿಲ್ಲ. ಫರ್ಜಾನಾಳ ಪಕ್ಕದಲ್ಲಿ ಹವಾ ಎಂಬ ಹೆಂಗಸಿದ್ದಳು, ಸೊಮಾಲಿಯಾದವಳು, ಅಕ್ಬರಿಯದೇ ವಯಸ್ಸು. ಆ ಊರಿನ ಮಸೀದಿಯಲ್ಲಿ ಹೆಂಗಸರಿಗೆ ನೀರು ಹಾಕುವವಳು ಅವಳೇ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಫರ್ಜಾನಾ ಉರ್ದುವಿಗೆ ತರುತ್ತಿದ್ದಳು.

ಅಕ್ಬರಿ ಒಂದೊಂದಾಗಿ ಕೇಳಿದಳು. ಸಮಾಧಾನದ ಮಾತು ಅವಳಿಗೆ ಬೇಕಿರಲಿಲ್ಲ, ಕೆಲಸ ಬಲ್ಲವಳು ಕೆಲಸ ಬಲ್ಲವಳನ್ನು ಕೇಳುವ ಹಾಗೆ ಕೇಳಿದಳು.

"ನೀರು ಹೇಗಿತ್ತು?"

"ಉಗುರು ಬೆಚ್ಚಗೆ. ಮಣಿಕಟ್ಟಿನ ಒಳಗೆ ಬಿಟ್ಟು ನೋಡಿದೆ."

ಅಕ್ಬರಿಯ ಹುಬ್ಬು ಗಂಟಾಯಿತು. "ಬೋರೆ ಎಲೆ?"

"ಇಲ್ಲಿ ಎಲೆ ಸಿಗಲ್ಲ. ಪುಡಿ ಮಾಡಿ ಪ್ಯಾಕೆಟ್‌ನಲ್ಲಿ ಬರುತ್ತೆ. ಅದನ್ನೇ ಹಾಕಿದ್ವಿ."

"ಕೂದಲು?"

ಹವಾ ಬಿಡಿಸಿ ಹೇಳಿದಳು. "ನಮ್ಮ ಸೊಮಾಲಿಯಾ ಪದ್ಧತೀಲಿ ಮೂರು ಜಡೆ ಹಾಕಿ ಬೆನ್ನ ಹಿಂದೆ ಬಿಡ್ತೀವಿ. ಆದ್ರೆ ನಿಮ್ಮಲ್ಲಿ ಬಾಚಣಿಗೆ ಮುಟ್ಟಿಸಲ್ಲ, ಬೆರಳಲ್ಲೇ ಎರಡು ಪಾಲು ಮಾಡಿ ಎದೆ ಮೇಲೆ ಆ ಕಡೆ ಈ ಕಡೆ ಇಡ್ತೀರಿ. ಹಾಜಿರಾಳಿಗೆ ಹಾಗೇ ಮಾಡಿದ್ವಿ."

"ನಮ್ಮ ಪದ್ಧತಿ ನಿಮಗೆ ಯಾರು ಹೇಳಿದ್ರು?"

"ಅವಳೇ."

ಮೂರು ವರ್ಷದ ಹಿಂದೆ ಫಿಜಿಯಿಂದ ಬಂದಿದ್ದ ಒಬ್ಬ ಅಜ್ಜಿ ತೀರಿಕೊಂಡಾಗ ಮಸೀದಿಯಲ್ಲಿ ಹವಾ ಮತ್ತು ಬೋಸ್ನಿಯಾದ ಒಬ್ಬಳು, ಇಬ್ಬರೇ ಇದ್ದರಂತೆ. ಕೈ ಸಾಲದು. ಡ್ಯೂಟಿಯ ಬಟ್ಟೆಯಲ್ಲೇ ನಮಾಜಿಗೆ ಬಂದಿದ್ದ ಹಾಜಿರಾ, ನಾನು ಬರುತ್ತೇನೆ ಅಂದಳು. ಅಂದಿನಿಂದ ಆ ಊರಿನಲ್ಲಿ ತೀರಿಕೊಂಡ ಪ್ರತಿ ಮುಸ್ಲಿಂ ಹೆಂಗಸಿಗೂ ಅವಳು ನೀರು ಹಾಕಿದ್ದಳು. ಸುಡಾನಿನವರು, ಸಿರಿಯಾದವರು, ಇಸ್ಲಾಮಿಗೆ ಬಂದಿದ್ದ ಒಬ್ಬ ಕ್ರೀ ಹೆಂಗಸು. ಒಬ್ಬೊಬ್ಬರ ಊರಿನ ಪದ್ಧತಿ ಏನೆಂದು ಮನೆಯವರನ್ನು ಕೇಳಿ ಕೇಳಿ ಮಾಡುತ್ತಿದ್ದಳಂತೆ. ಕೇಳಲು ಮನೆಯವರೇ ಇಲ್ಲದಿದ್ದರೆ, ನಮ್ಮ ಅಮ್ಮಿ ಹೀಗೆ ಮಾಡ್ತಾಳೆ ಎನ್ನುತ್ತಿದ್ದಳಂತೆ.

"ಇನ್ನೊಂದು ಕೇಳಬೇಕಿತ್ತು" ಎಂದಳು ಹವಾ. "ನಿಮ್ಮ ದೇಶದ ಒಂದು ದುವಾ ಇದೆಯಲ್ಲ, ತಲೆಗೆ ನೀರು ಬಿಡೋ ಮುಂಚೆ ಹೇಳೋದು. ಅದನ್ನ ನಾವು ಎಲ್ಲರೂ ಕಲಿತಿದ್ದೀವಿ. ಈಗ ಯಾರಿಗೆ ನೀರು ಹಾಕಿದ್ರೂ ಹೇಳ್ತೀವಿ. ಹಾಜಿರಾಳಿಗೂ ಹೇಳಿದ್ವಿ. ಸರಿಯಾಗಿ ಹೇಳ್ತಿದ್ದೀವಾ ನೋಡಿ." ಅವಳು ಗಂಟಲು ಸರಿಮಾಡಿಕೊಂಡು, ಮುರಿದ ನಾಲಿಗೆಯಲ್ಲಿ, ಭಕ್ತಿಯಿಂದ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು.

"ಆಂಕಾ ಮೂನ್ ಲೇ ಬೇತಾ, ಬಾನೀ ಆರಾ."

ಮುಕ್ತಿಯಾರ್ ಫೋನು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಅಕ್ಬರಿ ಕೂತಲ್ಲೇ ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಅವಳ ಬಾಯಿಂದ ಬಂದ ದನಿ ಅಳುವಿನಂತಿರಲಿಲ್ಲ. ತಾಜ್ ಪಾಷಾ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು, ಏನು ಮಾಡಬೇಕೆಂದು ತೋಚದೆ ಹಾಗೇ ನಿಂತ.

"ಅದು ದುವಾ ಅಲ್ಲ" ಎಂದು ಅಕ್ಬರಿ ತಲೆ ಎತ್ತಿ ಅಂದಳು. "ನಾನು ಅವಳಿಗೆ ಚಿಕ್ಕಂದಿನಲ್ಲಿ ಎರೀವಾಗ ಅಂತಿದ್ದ ಮಾತು."

ಫರ್ಜಾನಾ ಅದನ್ನು ಹವಾಳಿಗೆ ಹೇಳಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹೇಳಿದಳು.

"ನನ್ನ ವಿಷಯ ಏನಾದ್ರೂ ಅಂದಿದ್ಲಾ?" ಅಕ್ಬರಿ ಕೇಳಿದಳು. ಕೇಳಬಾರದಿತ್ತು ಎಂದು ಕೇಳುವಾಗಲೇ ಅನ್ನಿಸಿತು.

ಫರ್ಜಾನಾ ಹಿಂದೆಮುಂದೆ ನೋಡಿದಳು. "ಒಂದು ಸಲ ನಾನೇ ಕೇಳಿದ್ದೆ ಆಪಾ. ಇಡೀ ವಾರ ಮುದುಕರ ಸೇವೆ ಮಾಡಿ ಸುಸ್ತಾಗಿರ್ತೀಯ, ರಜಾ ದಿನಾನೂ ಇದೇ ಕೆಲಸಕ್ಕೆ ಯಾಕೆ ಬರ್ತೀಯ ಅಂತ. ಅದಕ್ಕೆ ಅವಳು, ನನ್ನ ಅಮ್ಮಿ ಹೋದಾಗ ನೀರು ಹಾಕೋ ಹಕ್ಕು ನನಗಿಲ್ಲ, ಅದಕ್ಕೇ ಬೇರೆಯವರ ಅಮ್ಮಂದಿರಿಗೆ ಹಾಕ್ತೀನಿ ಅಂದ್ಲು. ಹಾಗಂದ್ರೆ ಏನು ಅಂತ ನಾನು ಮತ್ತೆ ಕೇಳಲಿಲ್ಲ."

ಅಂದಿನ ಅಂಗಳದಲ್ಲಿದ್ದ ಮುಕ್ತಿಯಾರ್ ಮುಖ ಆಚೆ ತಿರುಗಿಸಿದ.

ಆಮೇಲೆ ಅಕ್ಬರಿ ನೀರು ಹಾಕುವ ಕೆಲಸ ಬಿಟ್ಟಳು. ಯಾರಾದರೂ ಬಂದು ಬಾಗಿಲಲ್ಲಿ ನಿಂತರೆ, ಪಕ್ಕದ ಬೀದಿಯ ಅಖ್ತರಿಯನ್ನು ಕರೆಯಿರಿ ಅನ್ನುತ್ತಿದ್ದಳು. ಯಾಕೆ ಆಗುವುದಿಲ್ಲವೆಂದು ಯಾರಿಗೂ ವಿವರಿಸಲಿಲ್ಲ. ಶೆಡ್ಡಿನಲ್ಲಿ ಗೂಡಿನ ಮುಂದೆ ಕೂತರೆ ಎಳೆ ಕೈಗೆ ಸಿಕ್ಕರೂ ಹಿಡಿಯುವುದು ಮರೆತುಹೋಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ತಾಜ್ ಪಾಷಾ ಏಳು ಗಂಟೆಗೆ ಮುಂಚೆಯೇ ಮಾರುಕಟ್ಟೆಗೆ ಹೋಗಿಬಿಡುತ್ತಿದ್ದ. ಅವನು ಹೋಗುವುದನ್ನು ಅವಳೂ ನೋಡುತ್ತಿದ್ದಳು, ತಡೆಯುತ್ತಿರಲಿಲ್ಲ. ಫರ್ಜಾನಾ ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡಿದಳು, ಹಿಮದಲ್ಲಿ ಹೂತ ಗೋರಿಯ ಫೋಟೋ ಕಳಿಸಿದಳು, ಬೇಸಿಗೆಯಲ್ಲಿ ಹುಲ್ಲು ಬಂದ ಗೋರಿಯದೂ ಕಳಿಸಿದಳು. ಅವಳಿಗೂ ಮನೆ, ಮಕ್ಕಳು, ಕೆಲಸ. ಫೋನು ತಿಂಗಳಿಗೊಂದಾಯಿತು, ಆಮೇಲೆ ಅದೂ ಅಪರೂಪವಾಯಿತು.

ಒಂದು ವರ್ಷದ ಹತ್ತಿರ ಆಗಿತ್ತು. ಒಂದು ಮಧ್ಯಾಹ್ನ ಕೆಳಗಿನ ಬೀದಿಯ ಶೆಡ್ಡಿನ ಒಬ್ಬ ಕೆಲಸಗಾರ ಬಂದು ಬಾಗಿಲಲ್ಲಿ ನಿಂತ. ಹೆಸರು ಶುಕೂರ್. ಬಂಗಾಳದ ಮಾಲ್ದಾದವನು. ಅಲ್ಲೂ ರೇಷ್ಮೆಯದೇ ಕೆಲಸ ಮಾಡಿದವನಂತೆ. ಹೆಂಡತಿಯನ್ನು ಕರೆದುಕೊಂಡು ರಾಮನಗರಕ್ಕೆ ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಸಾಬಿರಾಳಿಗೆ ಇಪ್ಪತ್ತೆರಡು. ನಾಲ್ಕು ದಿನ ಜ್ವರ ಬಂದು ಅಂದು ಬೆಳಿಗ್ಗೆ ಹೋಗಿದ್ದಳು. ಅಖ್ತರಿ ಮಗಳ ಬಾಣಂತನಕ್ಕೆಂದು ಮಾಗಡಿಗೆ ಹೋಗಿದ್ದಳು. ಬೀದಿಯ ಹೆಂಗಸರು, ಜ್ವರದ ಹೆಣ, ಯಾರೋ ಏನೋ ಎಂದು ಹಿಂದೆ ಸರಿದಿದ್ದರು.

"ಮಾ" ಎಂದಷ್ಟೇ ಅಂದ ಶುಕೂರ್. ಮುಂದಿನ ಮಾತಿಗೆ ಅವನಲ್ಲಿ ಹಿಂದಿಯೂ ಇರಲಿಲ್ಲ, ಕನ್ನಡವೂ ಇರಲಿಲ್ಲ.

ಅಕ್ಬರಿ ಆಗುವುದಿಲ್ಲ ಅನ್ನಲು ಬಾಯಿ ತೆರೆದಳು. ಆಮೇಲೆ ಎದ್ದಳು.

ಶೆಡ್ಡಿನ ಪಕ್ಕದ ಒಂದೇ ಕೋಣೆಯ ಮನೆ. ಮರೆಗೆ ಬಟ್ಟೆ ಹಿಡಿಯಲು ಇನ್ನೊಬ್ಬಳು ಬೇಕಿತ್ತು. ಮಾರುಕಟ್ಟೆ ಮುಗಿಸಿ ಬಸ್ಸಿಗೆ ಹೊರಟಿದ್ದ ಸರಸಮ್ಮ ಬೀದಿಯಲ್ಲಿ ಕಂಡಳು. "ನಾನು ಇಡ್ಕೋಬೋದಾ? ನಿಮ್ಮಲ್ಲಿ ನಡೀತದಾ?" ಎಂದು ಸರಸಮ್ಮ ಕೇಳಿದಳು. "ಮುಖ ಆಚೆ ತಿರುಗಿಸ್ಕೊಂಡು ಹಿಡಿ ಸರಸಕ್ಕ" ಎಂದಳು ಅಕ್ಬರಿ. ಮೊದಲ ಚೊಂಬು ಎತ್ತುವಾಗ ಅರ್ಧ ನೀರು ನೆಲಕ್ಕೆ ಚೆಲ್ಲಿತು. ತಲೆಗೆ ಬಿಡುವ ಮುಂಚೆ ಬಾಗಿದಳು, ಆದರೆ ಮಾತು ಬರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಆ ಹುಡುಗಿಯ ಕಣ್ಣ ಮೇಲೆ ತನ್ನ ಅಂಗೈ ಇಟ್ಟು ಮುಚ್ಚಿ, ಹಾಗೇ ನೀರು ಬಿಟ್ಟಳು.

ಎಲ್ಲ ಮುಗಿದು ಗಂಡಸರು ಎತ್ತಿಕೊಂಡು ಹೋಗಿ, ಸಂಜೆಗೆ ಶುಕೂರ್ ಒಬ್ಬನೇ ತಿರುಗಿ ಬಂದಾಗ, ಅಕ್ಬರಿ ಇನ್ನೂ ಅವನ ಹೊಸಿಲಲ್ಲೇ ಕೂತಿದ್ದಳು.

"ಅವಳ ತಾಯಿ ಇದ್ದಾಳಾ?" ಎಂದು ಕೇಳಿದಳು. ಅವನಿಗೆ ತಿಳಿಯಲಿಲ್ಲ. "ಸಾಬಿರಾ ಕೀ ಮಾ?" ಅಂದಳು. ಅವನು ಹೌದೆಂದು ತಲೆಯಾಡಿಸಿದ. "ಫೋನ್ ಮಾಡು."

ಮಾಲ್ದಾದ ಯಾವುದೋ ಹಳ್ಳಿಯಲ್ಲಿ ಆ ತಾಯಿ ಫೋನು ಎತ್ತಿದಳು. ಶುಕೂರ್ ಬಂಗಾಳಿಯಲ್ಲಿ ಏನೋ ಹೇಳಿ, ಫೋನನ್ನು ಅಕ್ಬರಿಯ ಕೈಗೆ ಕೊಟ್ಟ. ಅಕ್ಬರಿ ತನ್ನ ಭಾಷೆಯಲ್ಲೇ ಹೇಳಿದಳು. ನೀರು ಬೆಚ್ಚಗಿತ್ತು, ನಾನೇ ನೋಡಿದೆ. ಮರೆ ಹಿಡಿದಿದ್ದೆವು. ನಿನ್ನ ಮಗಳ ಕೂದಲು ಬಹಳ ಉದ್ದ, ಒಂದೂ ಕೀಳದ ಹಾಗೆ ಬೆರಳಲ್ಲೇ ಬಿಡಿಸಿದೆ. ಮೈಮೇಲೆ ಎಲ್ಲೂ ಗಾಯ ಇರಲಿಲ್ಲ. ಮುಖ ಶಾಂತವಾಗಿತ್ತು.

ಅತ್ತಲಿಂದ ಆ ಹೆಂಗಸು ಏನೋ ಕೇಳಿದಳು, ಮತ್ತೆ ಕೇಳಿದಳು, ಆಮೇಲೆ ಅಳತೊಡಗಿದಳು. ಅಕ್ಬರಿಗೆ ಒಂದು ಶಬ್ದವೂ ಅರ್ಥವಾಗಲಿಲ್ಲ. ಆಂ ಬೆಹೆನ್, ಹೇಳು, ಕೇಳ್ತಿದ್ದೀನಿ, ಎಂದು ನಡುನಡುವೆ ಅನ್ನುತ್ತ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಳು. ಬಸ್ಸು ತಪ್ಪಿಸಿಕೊಂಡಿದ್ದ ಸರಸಮ್ಮ ಪಕ್ಕಕ್ಕೆ ಬಂದು ಕೂತಳು. ಶುಕೂರ್ ಗೋಡೆಗೆ ಒರಗಿದ್ದ. ಆ ಕಡೆಯವಳು ತಾನಾಗಿ ಫೋನು ಇಡುವ ತನಕ ಅಕ್ಬರಿ ಬೇಗಂ ಇಡಲಿಲ್ಲ.